ಬಾಯಿಬಿಟ್ಟ ಬೋಟು

‘ಇಂಟರ್ನ್‌ಶಿಪ್ ಎಲ್ಲಿ ಮಾಡಿದಿ?’ ಅಂತ ಊರಲ್ಲಿ ಯಾರಾದರೂ ಕೇಳಿದರೆ ‘ಮಲ್ಪೆಯಲ್ಲಿ, ಬೋಟು ರಿಪೇರಿ’ ಅನ್ನುತ್ತೇನೆ. ಮೊದಲು ನಗುತ್ತಾರೆ. ನಮ್ಮದು ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ. ಹಟ್ಟಿಯ ಚಿನ್ನದ ಗಣಿ ಹತ್ತಿರ, ಅಮರೇಶ್ವರನ ಗುಡಿ ಹತ್ತಿರ. ಸಮುದ್ರ ಮಾತ್ರ ಒಂದು ರಾತ್ರಿ ಬಸ್ಸಿನ ದೂರ. ಗೆಳೆಯರೆಲ್ಲ ಬೆಂಗಳೂರಿಗೆ ಹೋಗಿ ಏಸಿ ರೂಮಿನಲ್ಲಿ ಪೈಥಾನ್ ಕಲಿತು ಸರ್ಟಿಫಿಕೇಟ್ ತಂದರು. ನಾನು ಮೆಕ್ಯಾನಿಕಲ್ ವಿದ್ಯಾರ್ಥಿ. ಮೈಗೆಲ್ಲ ಗಾಜಿನ ಪುಡಿ ಮೆತ್ತಿಕೊಂಡು, ಎರಡು ಜೊತೆ ಪ್ಯಾಂಟು ಹಾಳುಮಾಡಿಕೊಂಡು ಬಂದೆ.

ಹಾಗಂತ ಬೋಟು ನಮಗೆ ಅಪರಿಚಿತವೇನಲ್ಲ. ಕೃಷ್ಣೆ ನಮ್ಮ ತಾಲ್ಲೂಕಿನ ಅಂಚಿನಲ್ಲೇ ಹರಿಯುತ್ತಾಳೆ. ಹೊಳೆಯ ನಡುವಿನ ಗಡ್ಡಿಗಳಲ್ಲಿ ಜನ ಹೊಲ ಮಾಡಿಕೊಂಡು ಇದ್ದಾರೆ. 2019ರ ಆಗಸ್ಟ್‌ನಲ್ಲಿ ನಾರಾಯಣಪುರದ ಬಸವಸಾಗರದಿಂದ ಸುಮಾರು 6 ಲಕ್ಷ ಕ್ಯೂಸೆಕ್ ನೀರು ಬಿಟ್ಟಾಗ ಶೀಲಹಳ್ಳಿ ಸೇತುವೆ ಮುಳುಗಿ ಆಚೆಯ ಊರುಗಳ ದಾರಿಯೇ ಕಡಿದುಹೋಗಿತ್ತು. ನಾನಿನ್ನೂ ಹೈಸ್ಕೂಲು ಹುಡುಗ. ಅಪ್ಪನ ಬೈಕಿನ ಹಿಂದೆ ಕೂತು ನೀರು ನೋಡಲು ಹೋಗಿದ್ದೆ. ಕೆಂಪು ನೀರಿನ ಆ ಅಗಲ ನೋಡಿ ನಾನು ಅಪ್ಪನ ಅಂಗಿ ಬಿಟ್ಟಿರಲಿಲ್ಲ. ದಂಡೆಯಲ್ಲಿ ನಿಂತಿದ್ದ ಒಬ್ಬ ಮುದುಕ, ‘ಹರಗೋಲಿಗೆ ಇದು ಆಗಂಗಿಲ್ಲ, ಮಷಿನ್ ಬೋಟೇ ಬೇಕು’ ಅಂದಿದ್ದ. ಆ ಮಾತು ಯಾಕೋ ನೆನಪಲ್ಲಿ ಉಳಿದುಬಿಟ್ಟಿತು.

ಹರಗೋಲಿಗೂ ಮಷಿನ್ ಬೋಟಿಗೂ ಇರುವ ದೊಡ್ಡ ವ್ಯತ್ಯಾಸ ಮಷಿನ್ನಲ್ಲ ಅನ್ನುವುದು ನನಗೆ ಗೊತ್ತಾದದ್ದು ಮಲ್ಪೆಗೆ ಹೋದ ಮೇಲೆ. ಹರಗೋಲು ಅಂದರೆ ಒಂದೇ ಬುಟ್ಟಿ. ಬಿದಿರಿನ ಹೆಣಿಗೆ, ಮೇಲೊಂದು ಹೊದಿಕೆ. ಹಿಂದೆ ತೊಗಲು, ಆಮೇಲೆ ಟಾರು ಬಳಿದ ತಾಡಪಾಲು, ಈಗ ಹಂಪಿ ಕಡೆಗೆ ಹೋದರೆ ಪೂರ್ತಿ ಫೈಬರಿನದೇ ಸಿಗುತ್ತದೆ. ಅದಕ್ಕೆ ಮೇಲುಮುಚ್ಚಳ ಇಲ್ಲ, ಆದ್ದರಿಂದ ಸೇರಿಸಿದ ಜಾಗವೂ ಇಲ್ಲ. ಫೈಬರ್ ಮೋಟಾರ್ ಬೋಟು ಹಾಗಲ್ಲ. ಅದನ್ನು ಎರಡು ಬೇರೆ ಬೇರೆ ಅಚ್ಚುಗಳಲ್ಲಿ ಎರಡು ತುಂಡಾಗಿ ಎರೆಯುತ್ತಾರೆ. ನೀರಲ್ಲಿ ಕೂರುವ ಕೆಳಗಿನ ತೊಟ್ಟಿ ಒಂದು, ಅದಕ್ಕೆ ‘ಹಲ್’ ಅನ್ನುತ್ತಾರೆ. ನಾವು ಕಾಲಿಡುವ ಮೇಲಿನ ಮುಚ್ಚಳ ಇನ್ನೊಂದು, ಅದು ‘ಡೆಕ್’. ಎರಡನ್ನೂ ತಂದು ಒಂದರ ಮೇಲೊಂದು ಕೂರಿಸಿ, ನಡುವೆ ಪುಟ್ಟಿ ತುಂಬಿ, ಸುತ್ತಲೂ ಸ್ಕ್ರೂ ಹೊಡೆದು, ಹೊರಗಿನಿಂದ ಕಾಣದಂತೆ ಅಂಚಿಗೆ ರಬ್ಬರ್ ಪಟ್ಟಿ ಬಡಿದರೆ ಬೋಟು ತಯಾರು. ಗಾಜಿನ ನಾರು ಮತ್ತು ಪಾಲಿಯೆಸ್ಟರ್ ರೆಸಿನ್ ಸೇರಿಸಿ ದೋಣಿ ಮಾಡಬಹುದೆಂದು ಅಮೆರಿಕದ ರೇ ಗ್ರೀನ್ 1942ರಲ್ಲಿ ತೋರಿಸಿಕೊಟ್ಟ. ಆಮೇಲೆ ಜಗತ್ತಿನ ಸಣ್ಣ ಬೋಟುಗಳೆಲ್ಲ ಹೆಚ್ಚುಕಡಿಮೆ ಈ ದಾರಿಗೇ ಬಂದವು.

ನಾನು ಹೋದ ಯಾರ್ಡು ದೊಡ್ಡದೇನಲ್ಲ. ಬಂದರಿನ ಹಿಂದಿನ ಗಲ್ಲಿಯಲ್ಲಿ ಒಂದು ತಗಡಿನ ಶೆಡ್, ಇಬ್ಬರು ಕೆಲಸಗಾರರು, ಒಬ್ಬರು ಮೇಸ್ತ್ರಿ. ಮೇಸ್ತ್ರಿ ಓದಿದ್ದು ಏಳನೇ ಕ್ಲಾಸು, ಫೈಬರ್ ಕೆಲಸ ಮಾಡಿದ್ದು ಮೂವತ್ತು ವರ್ಷ. ಅಲ್ಲಿ ನನಗಾಗಿ ಕಾದಿದ್ದಂತೆ ಒಂದು ಹಳೇ ಬೋಟು ಮರದ ದಿಮ್ಮಿಗಳ ಮೇಲೆ ನಿಂತಿತ್ತು. ಇಪ್ಪತ್ತೆರಡು ಅಡಿ ಉದ್ದ, ಪ್ರವಾಸಿಗರನ್ನು ಕರೆದೊಯ್ಯುವ ಬೋಟು. ವಯಸ್ಸು ಹೆಚ್ಚುಕಡಿಮೆ ನನ್ನಷ್ಟೇ. ಮೂತಿಯ ಬಲಗಡೆ ಸುಮಾರು ಒಂಬತ್ತು ಅಡಿ ಉದ್ದಕ್ಕೆ ಅಂಚಿನ ರಬ್ಬರ್ ಪಟ್ಟಿ ಜೋತುಬಿದ್ದಿತ್ತು.

‘ಕೈ ಹಾಕಿ ನೋಡು ಮಾರಾಯ’ ಅಂದರು ಮೇಸ್ತ್ರಿ. ಪಟ್ಟಿಯ ಹಿಂದೆ ಬೆರಳು ಹಾಕಿದೆ. ಎರಡನೇ ಗೆಣ್ಣಿನವರೆಗೂ ಒಳಗೆ ಹೋಯಿತು. ಅವರು ಡೆಕ್ಕಿನ ಮೇಲೆ ಹತ್ತಿ ಒಂದು ಕಾಲಿನ ಮೇಲೆ ಭಾರ ಹಾಕಿದರು. ನನ್ನ ಬೆರಳನ್ನು ಬೋಟು ಮೆಲ್ಲಗೆ ಕಚ್ಚಿತು. ಕಾಲು ತೆಗೆದರು, ಬಿಟ್ಟಿತು.

ಕಾರಣ ಒಂದೇ ದಿನದ್ದಲ್ಲ. ಜೆಟ್ಟಿಗೆ ಕಟ್ಟಿದಾಗ ಇಳಿತದಲ್ಲಿ ಬೋಟಿನ ಅಂಚು ಜೆಟ್ಟಿಯ ಅಡ್ಡತೊಲೆಯ ಕೆಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಭರತ ಬಂದಾಗ ನೀರು ಇಡೀ ಬೋಟನ್ನು ಮೇಲೆತ್ತುತ್ತದೆ, ಅಂಚು ಮಾತ್ರ ತೊಲೆಗೆ ಒತ್ತಿಕೊಂಡು ನಿಲ್ಲುತ್ತದೆ. ಡಬ್ಬದ ಮುಚ್ಚಳವನ್ನು ಚಮಚದಿಂದ ಮೀಟಿ ತೆಗೆದ ಹಾಗೆ. ಒಂದು ಸಲ ಸ್ವಲ್ಪ ಸಡಿಲವಾದರೆ ಸಾಕು. ಪ್ರತಿ ಅಲೆಗೂ ಎರಡು ತುಂಡು ಒಂದಕ್ಕೊಂದು ಉಜ್ಜುತ್ತವೆ, ಸ್ಕ್ರೂ ತೂತು ಅಗಲವಾಗುತ್ತದೆ, ಉಪ್ಪುನೀರು ಒಳಗೆ ನುಗ್ಗಿ ಸ್ಕ್ರೂಗಳನ್ನು ತಿನ್ನುತ್ತದೆ, ಹಳೇ ಪುಟ್ಟಿ ಸುಣ್ಣದ ಹಾಗೆ ಉದುರುತ್ತದೆ. ಸೋರಿಕೆ ಶುರುವಾದಾಗ ಬೋಟಿನವರು ಒಳಗಿನ ನೀರೆತ್ತುವ ಪಂಪು ಇನ್ನಷ್ಟು ಹೊತ್ತು ಓಡಿಸುತ್ತಾರೆ. ಅಲ್ಲಿಗೆ ಸಮಸ್ಯೆ ‘ಮುಗಿಯಿತು’.

ಮಾಲೀಕರು ಮರುದಿನ ಬಂದರು. ಮಳೆಗಾಲದಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಬೋಟು ಬಿಡುವುದಿಲ್ಲ. ಮತ್ತೆ ಶುರುವಾಗುವ ಹೊತ್ತಿಗೆ ಬೋಟು ನೀರಿನಲ್ಲಿ ಇರಬೇಕು, ಬ್ಯಾಂಕಿನ ಕಂತು ಯಾವ ಮಳೆಗೂ ನಿಲ್ಲುವುದಿಲ್ಲ ಅನ್ನುವುದು ಅವರ ಚಿಂತೆ. ‘ಸಿಲಿಕಾನ್ ಹೊಡೆದು, ಎರಡು ದೊಡ್ಡ ಸ್ಕ್ರೂ ಹಾಕಿ ಕೊಡಿ ಮಾರಾಯ್ರೆ. ಎರಡು ವರ್ಷ ಹಾಗೇ ಓಡಿಲ್ವಾ?’ ಅಂದರು. ಅವರ ಮಾತು ಸುಳ್ಳಲ್ಲ. ಹಿಂದೆ ಎರಡು ಸಲ ಹಾಗೇ ಓಡಿತ್ತು. ಮೇಸ್ತ್ರಿ ಏನೂ ವಾದ ಮಾಡಲಿಲ್ಲ. ಅವರ ಕೈಯನ್ನೂ ಹಿಡಿದು ಆ ಸಂದಿಯೊಳಗೆ ಹಾಕಿಸಿ ಡೆಕ್ ಮೇಲೆ ಕಾಲಿಟ್ಟರು. ಮಾಲೀಕರು ಕೈ ಹಿಂದಕ್ಕೆ ಎಳೆದುಕೊಂಡು, ‘ಎಷ್ಟು ದಿನ ಬೇಕು?’ ಅಂದರು.

ನನಗೆ ಆಗ ನಾಲ್ಕನೇ ಸೆಮಿಸ್ಟರಿನ ಒಂದು ತರಗತಿ ನೆನಪಾಯಿತು. ಪರೀಕ್ಷೆಗೆಂದು ಉರುಹೊಡೆದು ಮರೆತಿದ್ದ ವಿಷಯ. ತೆಳು ಗೋಡೆಯ ಮುಚ್ಚಿದ ಕೊಳವೆಯನ್ನು ತಿರುಚುವುದು ಬಹಳ ಕಷ್ಟ. ಅದೇ ಕೊಳವೆಯನ್ನು ಉದ್ದಕ್ಕೆ ಒಂದು ಕಡೆ ಸೀಳಿಬಿಟ್ಟರೆ ಕೈಯಲ್ಲೇ ತಿರುಚಬಹುದು. ಗೋಡೆಯ ದಪ್ಪಕ್ಕಿಂತ ಇಪ್ಪತ್ತು ಪಟ್ಟು ಅಗಲವಿರುವ ಚೌಕ ಕೊಳವೆಯ ಲೆಕ್ಕ ಹಾಕಿದರೆ, ಸೀಳಿದ ಮೇಲೆ ಅದರ ಬಿಗಿತ 300ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಂಬಿಕೆ ಬಾರದಿದ್ದರೆ ಶೂ ಡಬ್ಬ ತೆಗೆದುಕೊಳ್ಳಿ. ಮುಚ್ಚಳಕ್ಕೆ ಸುತ್ತಲೂ ಟೇಪ್ ಹಚ್ಚಿ ತಿರುಚಿ ನೋಡಿ, ಆಮೇಲೆ ಮುಚ್ಚಳ ತೆಗೆದು ತಿರುಚಿ. ಬೋಟು ಪೂರ್ತಿ ಬಾಯಿಬಿಟ್ಟಿರಲಿಲ್ಲ, ಒಂಬತ್ತಡಿ ಮಾತ್ರ, ಹಾಗಾಗಿ 300ರ ಲೆಕ್ಕ ಇಲ್ಲಿಗೆ ನೇರ ಅನ್ವಯಿಸದು. ಆದರೆ ದಾರಿ ಅದೇ. ಅಂಚಿನ ಆ ಜೋಡಣೆ ನೀರು ತಡೆಯುವ ಬರೀ ವಾಷರ್ ಅಲ್ಲ, ಬೋಟಿನ ಬೆನ್ನುಮೂಳೆಯ ಒಂದು ಭಾಗ. ಸಿಲಿಕಾನ್ ನೀರನ್ನು ಸ್ವಲ್ಪ ಕಾಲ ತಡೆದೀತು. ಭಾರ ಹೊರುವುದು ಅದರ ಕೆಲಸವಲ್ಲ.

ಶೂ ಡಬ್ಬದ ಮಾತು ಸುಮ್ಮನೆ ಹೇಳಲಿಲ್ಲ. ಈ ಬೋಟಿನ ಜೋಡಣೆಯ ಬಗೆಯೂ ಅದೇ. ಡೆಕ್ಕಿನ ಅಂಚು ಎರಡು ಇಂಚು ಕೆಳಗೆ ಮಡಿಚಿಕೊಂಡು ಹಲ್‌ನ ಮೇಲಂಚನ್ನು ಹೊರಗಿನಿಂದ ಅಪ್ಪಿ ಕೂರುತ್ತದೆ, ಸ್ಕ್ರೂಗಳು ಅಡ್ಡಕ್ಕೆ ಬರುತ್ತವೆ. ಬೇರೆ ಬೋಟುಗಳಲ್ಲಿ ಎರಡೂ ತುಂಡಿಗೆ ಚಾಚಿದ ಅಂಚು ಇಟ್ಟು ಒಂದರ ಮೇಲೊಂದು ಕೂರಿಸಿ ಬೋಲ್ಟ್ ಹಾಕುವುದೂ ಉಂಟು.

ಮೊದಲ ನಾಲ್ಕು ದಿನ ನಾನು ಮಾಡಿದ ಇಂಜಿನಿಯರಿಂಗ್ ಏನು ಗೊತ್ತೇ? ಸಿಲಿಕಾನ್ ಕೆರೆಯುವುದು. ಅಲ್ಯೂಮಿನಿಯಂ ಪಟ್ಟಿಯ ಸ್ಕ್ರೂ ತಲೆಗಳು ತಿರುಗಿಸಿದರೆ ಮುರಿಯುತ್ತಿದ್ದವು, ಅವನ್ನು ಡ್ರಿಲ್ ಮಾಡಿ ತೆಗೆದೆವು. ಒಳಗಡೆ ಹಿಂದಿನ ಎರಡು ‘ರಿಪೇರಿ’ಗಳ ಸಿಲಿಕಾನ್ ಪದರ ಪದರವಾಗಿ ಕೂತಿತ್ತು. ಫೈಬರ್ ಕೆಲಸದವರಿಗೆ ಸಿಲಿಕಾನ್ ಅಂದರೆ ಯಾಕೆ ಸಿಟ್ಟು ಎಂದು ಆಗ ತಿಳಿಯಿತು. ಅದು ಇದ್ದ ಜಾಗಕ್ಕೆ ಇನ್ನು ಯಾವ ಅಂಟೂ ಹಿಡಿಯುವುದಿಲ್ಲ. ಪಾಲಿಶ್ ಕಾಗದದಿಂದ ಉಜ್ಜಿದರೆ ಹೋಗುವ ಬದಲು ಎಣ್ಣೆಯ ಹಾಗೆ ಇಡೀ ಜಾಗಕ್ಕೆ ಸವರಿಕೊಳ್ಳುತ್ತದೆ. ಮೊದಲು ಬ್ಲೇಡಿನಿಂದ ಕೆರೆದು ಪೂರ್ತಿ ತೆಗೆಯಬೇಕು, ಆಮೇಲೆ ಒರೆಸಬೇಕು, ಉಜ್ಜುವುದು ಕೊನೆಗೆ. ಸಂದಿಯೊಳಗೆ ಕೈ ಹೋಗುವುದಿಲ್ಲ. ಸ್ಟೀಲ್ ಸ್ಕೇಲಿಗೆ 60 ನಂಬರಿನ ಪಾಲಿಶ್ ಕಾಗದ ಅಂಟಿಸಿಕೊಂಡು ಗರಗಸದ ಹಾಗೆ ಎಳೆಯುತ್ತಿದ್ದೆ. ಹನ್ನೆರಡನೇ ಕ್ಲಾಸಿನಿಂದ ಜೋಪಾನ ಮಾಡಿದ್ದ ಸ್ಕೇಲು ಅದು.

ಸಂದಿ ತೆರೆಯಲು ಮರದ ಬೆಣೆ ಬಡಿಯುತ್ತಿದ್ದೆವು. ಹೆಚ್ಚು ಬಡಿದರೆ ಚೆನ್ನಾಗಿರುವ ಕಡೆಗೂ ಬಿರುಕು ಓಡುತ್ತದೆ. ಸ್ಕ್ರೂಗಳನ್ನೂ ಒಟ್ಟಿಗೇ ಬಿಚ್ಚಲು ಮೇಸ್ತ್ರಿ ಬಿಡಲಿಲ್ಲ. ಬಾಯಿಬಿಟ್ಟ ಜಾಗದ ಆಚೆ ಈಚೆ ನಾಲ್ಕಕ್ಕೆ ಒಂದರಂತೆ ಉಳಿಸಿಕೊಂಡೆವು. ಇಪ್ಪತ್ತು ವರ್ಷ ಬಿಸಿಲಲ್ಲಿ ಬಗ್ಗಿ ಕೂತ ಡೆಕ್ಕು ಒಮ್ಮೆ ಪೂರ್ತಿ ಬಿಡುಗಡೆಯಾದರೆ ಮತ್ತೆ ಹಳೇ ಜಾಗಕ್ಕೆ ಬಂದು ಕೂರುವುದಿಲ್ಲವಂತೆ. ಎಲ್ಲಿ ಜೋಡಣೆ ಒಳಗೇ ಬಿಟ್ಟಿದೆ, ಎಲ್ಲಿ ಹಿಡಿದಿದೆ ಎಂದು ತಿಳಿಯಲು ಅವರು ಬಳಸಿದ್ದು ಹತ್ತು ರೂಪಾಯಿ ನಾಣ್ಯ. ಅಂಚಿನುದ್ದಕ್ಕೂ ಟಕ್ ಟಕ್ ಎಂದು ಬಡಿಯುತ್ತ ಹೋದರು. ಗಟ್ಟಿ ಇದ್ದಲ್ಲಿ ಚುರುಕು ಸದ್ದು, ಬಿಟ್ಟಲ್ಲಿ ಮಂಕು ಸದ್ದು. ಹೊರಗೆ ಒಂಬತ್ತಡಿ ಕಂಡದ್ದು ನಾಣ್ಯದ ಲೆಕ್ಕದಲ್ಲಿ ಹನ್ನೊಂದಾಯಿತು.

ಆಮೇಲೆ ಒಣಗಿಸುವ ಕೆಲಸ. ಕರಾವಳಿಯ ಆಗಸ್ಟ್ ಗೊತ್ತಲ್ಲ? ನಮ್ಮೂರಲ್ಲಿ ವರ್ಷಕ್ಕೆ ಬೀಳುವ ಮಳೆ ಅಲ್ಲಿ ಒಂದು ತಿಂಗಳಲ್ಲಿ ಸುರಿದು ಇನ್ನೂ ಮಿಗುತ್ತದೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುವುದರಿಂದ ಬೋಟುಗಳು ದಡಕ್ಕೆ ಬರುವುದೂ, ರಿಪೇರಿಗೆ ಪುರುಸೊತ್ತು ಸಿಗುವುದೂ ಮಳೆಯಲ್ಲೇ. ಫೈಬರ್ ಕೆಲಸಕ್ಕೆ ಆಗದ ಕಾಲವೂ ಅದೇ. ಸಂದಿಯನ್ನು ಮೊದಲು ಸಿಹಿನೀರಲ್ಲಿ ತೊಳೆದೆವು. ಉಪ್ಪು ಉಳಿದರೆ ಅದು ಗಾಳಿಯ ತೇವ ಎಳೆಯುತ್ತಲೇ ಇರುತ್ತದೆ. ಮೂರು ದಿನ ಹ್ಯಾಲೊಜನ್ ದೀಪ ಮತ್ತು ಫ್ಯಾನು. ಒಣಗಿದೆಯೇ ಎಂದು ನೋಡುವ ಉಪಾಯ ಸರಳ. ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಚ್ಚಿ ಫೈಬರಿಗೆ ಅಂಟಿಸಿ ರಾತ್ರಿ ಬಿಡುವುದು. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಇನ್ನೂ ಕಾಯಬೇಕು. ಎರಡು ಬೆಳಿಗ್ಗೆ ಹನಿ ಇತ್ತು, ಮೂರನೆಯದಕ್ಕೆ ಇರಲಿಲ್ಲ.

ಈಗ ಅಂಟಿನ ವಿಷಯ. ನನ್ನ ಕತೆ ಕೆಟ್ಟದ್ದೂ ಇಲ್ಲೇ.

ಹೊಸ ಬೋಟನ್ನು ಪಾಲಿಯೆಸ್ಟರ್ ರೆಸಿನ್‌ನಲ್ಲಿ ಮಾಡುತ್ತಾರೆ, ಅಗ್ಗ. ಪದರಗಳು ಹಸಿಯಿರುವಾಗಲೇ ಒಂದರ ಮೇಲೊಂದು ಹಾಕಿದರೆ ಎಲ್ಲ ಸೇರಿ ಒಂದೇ ತುಂಡಾಗುತ್ತದೆ. ಆದರೆ ಇಪ್ಪತ್ತು ವರ್ಷದ ಹಿಂದೆ ಗಟ್ಟಿಯಾದ ಫೈಬರಿನ ಮೇಲೆ ಹೊಸ ಪಾಲಿಯೆಸ್ಟರ್ ಹಾಕಿದರೆ ಅದು ಬರೀ ಮೇಲ್ಮೈಗೆ ಹಿಡಿದುಕೊಂಡಿರುತ್ತದೆ, ಹಿಡಿತ ಕಮ್ಮಿ. ಅಲ್ಲಿ ಎಪಾಕ್ಸಿ ಒಳ್ಳೆಯದು. ಮೇಸ್ತ್ರಿಗೆ ಪಾಲಿಯೆಸ್ಟರ್ ಕರತಲಾಮಲಕ, ಎಪಾಕ್ಸಿ ಅಷ್ಟಾಗಿ ಬಳಸಿದವರಲ್ಲ. ನಾನೋ, ಕಾಲೇಜಿನ ಕಾಂಪೋಸಿಟ್ ಲ್ಯಾಬಿನಲ್ಲಿ ಎಪಾಕ್ಸಿಯಲ್ಲೇ ಸ್ಯಾಂಪಲ್ ಮಾಡಿದವನು. ‘ನಿನಗೆ ಗೊತ್ತಲ್ಲ, ನೀನೇ ಕಲಸು’ ಅಂದರು. ಎದೆ ಉಬ್ಬಿತು ಅಂತ ಬೇರೆ ಹೇಳಬೇಕಿಲ್ಲ.

ಸಂದಿಗೆ ತುಂಬುವ ಎಪಾಕ್ಸಿಗೆ ಸಿಲಿಕಾ ಪುಡಿ ಸೇರಿಸಿ ಕಡಲೆಹಿಟ್ಟಿನ ಹದಕ್ಕೆ ತರಬೇಕು, ಇಲ್ಲದಿದ್ದರೆ ಹರಿದು ಕೆಳಗೆ ಹೋಗುತ್ತದೆ. ಮೊದಲ ಎರಡು ಬಟ್ಟಲು ಮೇಸ್ತ್ರಿ ಡಬ್ಬದ ಮೇಲಿನ ಗೆರೆ ನೋಡಿ ತಾವೇ ಅಳೆದು ಕೊಟ್ಟರು, ನಾನು ತಿರುವಿದೆ. ಮೂರನೆಯದಕ್ಕೆ ಅವರಿಗೆ ಫೋನ್ ಬಂತು, ಹೊರಗೆ ಹೋದರು. ನಾನು ತಕ್ಕಡಿ ಇಟ್ಟು ನೂರು ಗ್ರಾಂ ರೆಸಿನ್‌ಗೆ ಹತ್ತು ಗ್ರಾಂ ಹಾರ್ಡ್‌ನರ್ ಹಾಕಿದೆ. ಕೈಗೆ ಅದೇ ಅಭ್ಯಾಸ. ಲ್ಯಾಬಿನಲ್ಲಿ ನಾವು ಬಳಸುವ ಎಲ್‌ವೈ 556 ರೆಸಿನ್‌ಗೆ ಎಚ್‌ವೈ 951 ಹಾರ್ಡ್‌ನರ್ ಪ್ರಮಾಣ ಅಷ್ಟೇ. ಯಾರ್ಡಿನ ಎಪಾಕ್ಸಿ ಬೇರೆ ಜಾತಿಯದು. ಎರಡು ಅಳತೆ ರೆಸಿನ್‌ಗೆ ಒಂದು ಅಳತೆ ಹಾರ್ಡ್‌ನರ್. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲೇ ಇತ್ತು. ನಾನು ಓದಲಿಲ್ಲ. ಮೂತಿಯ ಹತ್ತಿರದ ಮೂರಡಿಗೆ ಆ ಬಟ್ಟಲು ತುಂಬಿ, ಬೆಣೆ ತೆಗೆದು, ಸ್ಕ್ರೂ ಬಿಗಿದು ರೂಮಿಗೆ ಹೋದೆ.

ಮರುದಿನ ಭಾನುವಾರ. ಯಾರ್ಡಿಗೆ ರಜೆ. ಆದರೂ ಉತ್ಸಾಹ ತಡೆಯಲಾರದೆ ಹೋದೆ. ಸಂದಿಯಿಂದ ಹೊರಬಂದ ಅಂಟಿನ ಗೆರೆಯ ಮೇಲೆ ಉಗುರು ಒತ್ತಿದೆ. ಕಲ್ಲು. ಮುಂದೆ ಸರಿದೆ. ಕಲ್ಲು. ಮೂತಿಯ ಹತ್ತಿರ ಉಗುರು ಒಳಗೆ ಹೋಯಿತು. ಮೇಣದ ಹಾಗೆ ಗುರುತು ಬಿತ್ತು. ಡಬ್ಬದ ಮುಂದೆ ಕೂತು ಓದಿದೆ. ಎರಡು, ಒಂದು. ಹೊಟ್ಟೆಯಲ್ಲಿ ಕಲ್ಲು ಹಾಕಿದಂತಾಯಿತು.

ಪಾಲಿಯೆಸ್ಟರ್‌ನಲ್ಲಿ ಇಂಥ ತಪ್ಪು ಅಷ್ಟು ದೊಡ್ಡದಲ್ಲ. ಅಲ್ಲಿ ಸೇರಿಸುವ ಎಂಇಕೆಪಿ ಎಂಬ ದ್ರವ ಕಿಡಿ ಹಚ್ಚುವ ಕೆಲಸ ಮಾತ್ರ ಮಾಡುತ್ತದೆ. ನೂರಕ್ಕೆ ಒಂದರಿಂದ ಎರಡು ಪಾಲು ಸಾಕು, ಸ್ವಲ್ಪ ಕಮ್ಮಿಯಾದರೆ ಗಟ್ಟಿಯಾಗುವುದು ತಡ. (ಅದನ್ನು ಕೋಬಾಲ್ಟ್ ದ್ರವದ ಜೊತೆ ನೇರವಾಗಿ ಸೇರಿಸಿದರೆ ಸ್ಫೋಟವಾಗುತ್ತದೆ. ಅವೆರಡನ್ನೂ ಶೆಡ್ಡಿನ ಎರಡು ಬೇರೆ ಮೂಲೆಗಳಲ್ಲಿ ಇಟ್ಟಿದ್ದರು.) ಎಪಾಕ್ಸಿಯಲ್ಲಿ ಹಾರ್ಡ್‌ನರ್ ಕಿಡಿಯಲ್ಲ, ಅಡುಗೆಯ ಅರ್ಧ ಸಾಮಾನು. ರೆಸಿನ್ನಿನ ಒಂದೊಂದು ಅಣುವೂ ಕೈಕೊಡಲು ಹಾರ್ಡ್‌ನರಿನ ಅಣುವನ್ನು ಹುಡುಕುತ್ತದೆ. ಇಲ್ಲದಿದ್ದರೆ ಹಾಗೇ ಉಳಿಯುತ್ತದೆ. ನಾಳೆ ಅಲ್ಲ, ಮುಂದಿನ ವರ್ಷಕ್ಕೂ ಆ ಮೂರಡಿ ಮೇಣವೇ.

ಕಷ್ಟದ ಸಂಗತಿ ಏನೆಂದರೆ ಇದು ಯಾರಿಗೂ ಕಾಣುತ್ತಿರಲಿಲ್ಲ. ಹೊರಬಂದ ಗೆರೆಯನ್ನು ಚಾಕುವಿನಿಂದ ಕೆರೆದುಬಿಟ್ಟರೆ ಮುಗಿಯಿತು. ಸೋಮವಾರ ಅದರ ಮೇಲೆ ಅಲ್ಯೂಮಿನಿಯಂ ಪಟ್ಟಿ, ರಬ್ಬರು. ಒಳಗಡೆ ಗಾಜಿನ ಪಟ್ಟಿಯ ಪದರ ಬೇರೆ ಬರುವುದಿತ್ತು. ಎಂಟಡಿ ಗಟ್ಟಿಯಿದೆ, ಮೂರಡಿಯಿಂದ ಏನಾದೀತು ಎಂದು ಮನಸ್ಸು ಲೆಕ್ಕ ಹಾಕತೊಡಗಿತು. ಇನ್ನು ಹತ್ತು ದಿನಕ್ಕೆ ನನ್ನ ಇಂಟರ್ನ್‌ಶಿಪ್ ಮುಗಿಯುತ್ತದೆ, ಸರ್ಟಿಫಿಕೇಟಿಗೆ ಸಹಿ ಹಾಕುವವರು ಇದೇ ಯಾರ್ಡಿನವರು. ಚಾಕು ತೆಗೆದುಕೊಂಡು ಗೆರೆ ಕೆರೆದದ್ದೂ ಉಂಟು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಹೌದು. ಒಂದು ಗೇಣು ಕೆರೆದಿದ್ದೆ.

ರಾತ್ರಿ ಅಪ್ಪನ ಫೋನು. ‘ಡ್ಯಾಮಿನ ಗೇಟ್ ಎತ್ಯಾರ ತಮ್ಮಾ, ಹೊಳಿ ತುಂಬಿ ಬಂದೈತಿ. ಡಂಗುರ ಸಾರ್ಯಾರ’ ಅಂದರು. ನಿಮ್ಮ ಕೆಲಸ ಎಲ್ಲಿಗೆ ಬಂತು ಎಂದೂ ಕೇಳಿದರು. ‘ಚಲೋ ನಡದೈತಿ’ ಅಂದೆ. ‘ಆ ಬೋಟಿನಾಗ ಎಷ್ಟು ಮಂದಿ ಕುಂದರತಾರ?’ ಅಂದರು. ಅದು ಅವರು ಎಲ್ಲ ವಾಹನದ ಬಗ್ಗೆಯೂ ಕೇಳುವ ಪ್ರಶ್ನೆ. ಟ್ರ್ಯಾಕ್ಟರ್ ಟ್ರಾಲಿ ನೋಡಿದರೂ ಅದನ್ನೇ ಕೇಳುತ್ತಾರೆ. ಹನ್ನೆರಡು ಅಂತ ಹೇಳಿ ಫೋನ್ ಇಟ್ಟೆ. ನಿದ್ದೆ ಬರಲಿಲ್ಲ.

ಸೋಮವಾರ ಮೇಸ್ತ್ರಿ ಬರುವುದಕ್ಕಿಂತ ಮೊದಲೇ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಎಲ್ಲ ಹೇಳಿದೆ, ಗೇಣು ಕೆರೆದದ್ದನ್ನೂ. ಅವರು ಉಗುರು ಒತ್ತಿ ನೋಡಿದರು. ‘ದೀಪ ಹಿಡಿದರೆ ಗಟ್ಟಿ ಆಗ್ಲಿಕ್ಕಿಲ್ವಾ?’ ಎಂದು ಕೇಳಿದರು. ಪಾಲಿಯೆಸ್ಟರ್ ಆಗಿದ್ದರೆ ಬಿಸಿ ಕೊಟ್ಟು ಉಳಿಸಿಕೊಳ್ಳಬಹುದಿತ್ತು. ಇದಕ್ಕೆ ಆಗುವುದಿಲ್ಲ, ಮೇಲಿಂದ ಹಾರ್ಡ್‌ನರ್ ಸುರಿದರೂ ಪ್ರಯೋಜನವಿಲ್ಲ ಎಂದು ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೈಗುಳಕ್ಕೆ ಕಾದು ನಿಂತಿದ್ದೆ.

‘ಬೆಣೆ ತಗೊಂಡು ಬಾ’ ಅಂದರು.

ಅಷ್ಟೇ. ಮಾಲೀಕರಿಗೆ ಫೋನ್ ಮಾಡಿ ಮೂರು ದಿನ ಹೆಚ್ಚು ಬೇಕು ಎಂದರು, ಕಾರಣ ಕೇಳಿದಾಗ ‘ನಮ್ಮ ತಪ್ಪು’ ಎಂದರು. ‘ಹುಡುಗನ ತಪ್ಪು’ ಅನ್ನಲಿಲ್ಲ. ಆ ಮೇಣವನ್ನು ಸಂದಿಯಿಂದ ಕೆರೆದು, ಬಟ್ಟೆಗೆ ಅಸಿಟೋನ್ ಹಾಕಿ ಒರೆಸಿ, ಮತ್ತೆ ಉಜ್ಜಿ, ಮತ್ತೆ ಒರೆಸಿ ಮುಗಿಸುವಾಗ ಎರಡು ದಿನ ಹೋಯಿತು. ಸಿಲಿಕಾನ್ ಕೆರೆದದ್ದೇ ಸುಖವಾಗಿತ್ತು. ಈ ಸಲ ಡಬ್ಬದ ಮೇಲಿನ ಅಳತೆಯನ್ನು ಮಾರ್ಕರ್‌ನಲ್ಲಿ ಶೆಡ್ಡಿನ ಗೋಡೆಗೆ ಬರೆದೆ. ಪ್ರತಿ ಬಟ್ಟಲಿನ ತಳದಲ್ಲಿ ಚೂರು ಉಳಿಸಿ, ನಂಬರ್ ಬರೆದು ಸಾಲಾಗಿ ಇಟ್ಟೆ. ಬಟ್ಟಲಲ್ಲಿ ಉಳಿದದ್ದು ಗಟ್ಟಿಯಾದರೆ ಸಂದಿಯಲ್ಲಿರುವುದೂ ಗಟ್ಟಿಯಾಗಿದೆ ಎಂದು ಲೆಕ್ಕ. ಇದನ್ನು ಮೇಸ್ತ್ರಿ ಮೆಚ್ಚಿದರು. ಈಗಲೂ ಹಾಗೇ ಇಡುತ್ತಾರಂತೆ.

ಸ್ಕ್ರೂ ಬಿಗಿಯುವಾಗ ನಾನು ಬಲ ಹಾಕಿ ತಿರುಗಿಸುತ್ತಿದ್ದರೆ ಅವರು ಕೈ ಹಿಡಿದು ನಿಲ್ಲಿಸಿದರು. ಜಾಸ್ತಿ ಬಿಗಿದರೆ ಅಂಟೆಲ್ಲ ಹೊರಗೆ ಬಂದು ನಡುವೆ ಏನೂ ಉಳಿಯುವುದಿಲ್ಲ. ಅಂಟು ಗಟ್ಟಿಯಾದ ಮೇಲೆ ಹಳೇ ಅಗಲವಾದ ತೂತುಗಳನ್ನೆಲ್ಲ ಎಪಾಕ್ಸಿಯಿಂದ ಮುಚ್ಚಿ, ಪಕ್ಕದಲ್ಲಿ ಹೊಸ ತೂತು ಕೊರೆದೆವು. ಕೈ ಹೋಗುವಲ್ಲೆಲ್ಲ ಸ್ಕ್ರೂ ಬದಲು ಬೋಲ್ಟ್, ಹಿಂದೆ ಅಗಲ ವಾಷರ್, ಸಡಿಲವಾಗದ ನೈಲಾನ್ ನಟ್. ಉಪ್ಪುನೀರಿಗೆ 316 ದರ್ಜೆಯ ಸ್ಟೀಲ್ ಬೇಕು. ಮಾಮೂಲಿ 304 ಕೂಡ ಹಾಗೇ ಹೊಳೆಯುತ್ತದೆ, ಅಯಸ್ಕಾಂತ ಎರಡಕ್ಕೂ ಸರಿಯಾಗಿ ಅಂಟುವುದಿಲ್ಲ, ಆದ್ದರಿಂದ ಅಂಗಡಿಯವನ ಮಾತಿನ ಬದಲು ತಲೆಯ ಮೇಲಿನ ಗುರುತು ನೋಡಿ ತರಬೇಕು.

ಒಳಗಡೆಯಿಂದ ಹಲ್ ಮತ್ತು ಡೆಕ್ ಎರಡನ್ನೂ ಸೇರಿಸಿ ಗಾಜಿನ ಪಟ್ಟಿ ಹಾಕುವುದು ಇಡೀ ಕೆಲಸದ ಜೀವ. ಅಂಟು ಉದ್ದಕ್ಕೆ ಜಾರಿಸುವ ಬಲವನ್ನು ಚೆನ್ನಾಗಿ ತಡೆಯುತ್ತದೆ, ಸಿಪ್ಪೆ ಸುಲಿದಂತೆ ಎಳೆಯುವ ಬಲಕ್ಕೆ ಬೇಗ ಸೋಲುತ್ತದೆ. ಗೋಡೆಗೆ ಹಚ್ಚಿದ ಟೇಪನ್ನು ಒಂದು ತುದಿಯಿಂದ ಸುಲಿಯುವುದು ಸುಲಭ, ಜಾರಿಸುವುದು ಕಷ್ಟ, ಹಾಗೆ. ಜೆಟ್ಟಿಯ ತೊಲೆ ಮಾಡಿದ್ದು ಸುಲಿಯುವ ಕೆಲಸ. ಒಳಗಿನ ಪಟ್ಟಿ ಆ ಸುಲಿತವನ್ನು ತಡೆಯುತ್ತದೆ. ಇಲ್ಲೂ ಒಂದು ಸೂಕ್ಷ್ಮವಿದೆ. ಯಾರ್ಡಿನಲ್ಲಿ ರಾಶಿ ಬಿದ್ದಿರುವ ಮಾಮೂಲಿ ಗ್ಲಾಸ್ ಮ್ಯಾಟ್ ಎಪಾಕ್ಸಿಗೆ ಆಗದು. ಅದರ ನಾರು ಹಿಡಿದಿಟ್ಟಿರುವ ಗೋಂದು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್‌ಗೆ ಕರಗುತ್ತದೆ, ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ಅದಕ್ಕೆ ಓರೆಯಾಗಿ ಎರಡು ದಿಕ್ಕಿಗೆ ಹೊಲಿದ ಗಾಜಿನ ಬಟ್ಟೆ ತರಿಸಿ, ಮೂರು ಪದರ, ಒಂದಕ್ಕಿಂತ ಒಂದು ಅಗಲ ಹಾಕಿದೆವು.

ಮೂತಿಯೊಳಗಿನ ಗೂಡಿನಲ್ಲಿ ದೊಡ್ಡವರಾರೂ ಹಿಡಿಸುವುದಿಲ್ಲ. ನನ್ನನ್ನು ಇಂಟರ್ನ್ ಮಾಡಿಕೊಂಡದ್ದು ಅಂಕಪಟ್ಟಿ ನೋಡಿಯಲ್ಲ, ಮೈಕಟ್ಟು ನೋಡಿ ಎಂದು ಕೆಲಸದವರು ತಮಾಷೆ ಮಾಡುತ್ತಿದ್ದರು. ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು, ಬಾಯಲ್ಲಿ ಟಾರ್ಚು ಹಿಡಿಯಲಾಗದೆ ಹಣೆಗೆ ಕಟ್ಟಿದ ಲೈಟು. ಹೊರಗಿನಿಂದ ಮೇಸ್ತ್ರಿ ನೆನೆಸಿದ ಪಟ್ಟಿ ಕೊಡುತ್ತಿದ್ದರು, ನಾನು ಅಂಗಾತ ಮಲಗಿ ತಲೆಯ ಮೇಲೆ ಹಚ್ಚಿ ರೋಲರ್‌ನಿಂದ ಗಾಳಿಗುಳ್ಳೆ ಓಡಿಸುತ್ತಿದ್ದೆ. ಅದರಡಿ ಇದ್ದದ್ದು ನನ್ನದೇ ಮೂರಡಿ.

ನೀರಿನ ಪರೀಕ್ಷೆಯ ದಿನ ಒಳಗಡೆ ಜೋಡಣೆಯುದ್ದಕ್ಕೂ ಟಿಶ್ಯೂ ಪೇಪರ್ ಅಂಟಿಸಿದೆವು. ಒಬ್ಬ ಹೊರಗಿನಿಂದ ಪೈಪು ಹಿಡಿದು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ನೀರು ಹೊಡೆಯಬೇಕು. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲಿ ನುಗ್ಗಿತು, ಎಲ್ಲಿ ಹರಿದು ಬಂತು ಎಂಬುದೇ ತಿಳಿಯುವುದಿಲ್ಲ. ನಾನು ಮತ್ತದೇ ಗೂಡಿನಲ್ಲಿ ಟಾರ್ಚು ಹಿಡಿದು ಕೂತಿದ್ದೆ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಎಡಗಡೆ, ನಾವು ಮುಟ್ಟದೇ ಇದ್ದ ಬದಿಯಲ್ಲಿ, ಒಂದು ಕಾಗದದ ಮೇಲೆ ಎಂಟಾಣೆಯಷ್ಟು ಒದ್ದೆ ಮೂಡಿತು. ‘ನಿಲ್ಲಿಸಿ!’ ಎಂದು ಕೂಗಿದೆ. ಹಳೆಯ ಸ್ಕ್ರೂ ಒಂದರ ತೂತು. ಮೇಸ್ತ್ರಿ ನಕ್ಕರು. ‘ಇನ್ನು ಆ ಬದಿಯದ್ದೂ ಪಟ್ಟಿ ಬಿಚ್ಚುವುದೇ’ ಅಂದರು. ಮಾಲೀಕರ ಮುಖ ನೋಡಲು ನಾನು ಗೂಡಿನಿಂದ ಹೊರಗೆ ಬರಲಿಲ್ಲ. ಎಡಬದಿಗೆ ಇನ್ನೂ ಎರಡು ದಿನ ಹಿಡಿಯಿತು. ಅಲ್ಲಿ ಜೋಡಣೆ ಬಿಟ್ಟಿರಲಿಲ್ಲ, ಏಳು ಸ್ಕ್ರೂ ಕೊಳೆತಿದ್ದವು.

ಇದನ್ನೆಲ್ಲ ಕಲಿತು ನಮ್ಮ ಕಡೆ ಏನು ಉಪಯೋಗ ಎಂದು ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಗದಗ, ಕೊಪ್ಪಳದ ಹೆದ್ದಾರಿಗಳಲ್ಲಿ ಗಾಳಿಯಂತ್ರದ ರೆಕ್ಕೆ ಹೊತ್ತ ಉದ್ದನೆಯ ಟ್ರೇಲರ್‌ಗಳನ್ನು ನೀವೂ ನೋಡಿರುತ್ತೀರಿ. ಆ ರೆಕ್ಕೆಯೂ ಗಾಜಿನ ನಾರಿನದೇ. ಅದನ್ನೂ ಎರಡು ಅಚ್ಚಿನಲ್ಲಿ ಎರಡು ಹೋಳಾಗಿ ಮಾಡಿ ಅಂಚಿಗೆ ಅಂಟು ಹಾಕಿ ಸೇರಿಸುತ್ತಾರೆ. ವರ್ಷಗಳು ಕಳೆದಂತೆ ಅದು ಬಾಯಿಬಿಡುವುದೂ ಹೆಚ್ಚಾಗಿ ಹಿಂದಿನ ಅಂಚಿನ ಅಂಟಿನಲ್ಲೇ. ಹಗ್ಗದಲ್ಲಿ ನೇತಾಡುತ್ತ ಅಲ್ಲೇ ಕೆರೆದು, ಉಜ್ಜಿ, ಒಣಗಿಸಿ, ಪಟ್ಟಿ ಹಾಕುವ ತಂತ್ರಜ್ಞರು ಬೇಕಾಗುತ್ತಾರೆ. ಕೆಲಸ ಹುಡುಕುವವರು ‘ಕಾಂಪೋಸಿಟ್ ರಿಪೇರಿ’ ಎಂಬ ಪದವನ್ನು ಒಮ್ಮೆ ಹುಡುಕಿ ನೋಡಬಹುದು. ಡಿಪ್ಲೊಮಾ, ಐಟಿಐ ಆದವರಿಗೂ ಇಲ್ಲಿ ಬಾಗಿಲಿದೆ. ಮಲ್ಪೆಯಲ್ಲೇ ಹಳೆಯ ಟೆಬ್ಮಾ ಹಡಗುಕಟ್ಟೆಯನ್ನು ಕೊಚ್ಚಿನ್ ಶಿಪ್‌ಯಾರ್ಡ್ ತೆಗೆದುಕೊಂಡು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಹೆಸರಲ್ಲಿ ನಡೆಸುತ್ತಿದೆ. ಅಲ್ಲಿ ಉಕ್ಕಿನ ಹಡಗು, ಅದು ಬೇರೆ ವಿದ್ಯೆ. ಆದರೆ ಮೆಕ್ಯಾನಿಕಲ್ ಓದಿದವರಿಗೆ ಬೆಂಗಳೂರು ಒಂದೇ ದಿಕ್ಕಲ್ಲ ಅನ್ನುವುದಕ್ಕೆ ಹೇಳಿದೆ.

ಬೋಟು ನೀರಿಗೆ ಇಳಿಯುವ ದಿನ ನಾನಿರಲಿಲ್ಲ, ಕಾಲೇಜು ಶುರುವಾಗಿತ್ತು. ಸರ್ಟಿಫಿಕೇಟು ಸಿಕ್ಕಿತು. ಅದರಲ್ಲಿ ‘ಕೆಲಸದ ಗುಣಮಟ್ಟ’ ಎಂಬಲ್ಲಿ ಮೇಸ್ತ್ರಿ ಹೇಳಿ ಬರೆಸಿದ್ದು ‘ಪರವಾಗಿಲ್ಲ’. ಗೈಡ್ ಸರ್ ಅದನ್ನು ನೋಡಿ ಹುಬ್ಬೇರಿಸಿದರು.

ಅಕ್ಟೋಬರಿನಲ್ಲಿ ಒಂದು ಸಂಜೆ ಮೇಸ್ತ್ರಿಯಿಂದ ವಾಟ್ಸ್‌ಆ್ಯಪ್ ವಿಡಿಯೊ ಬಂತು. ಬೋಟು ಅಲೆ ಹಾರಿಸಿಕೊಂಡು ಓಡುತ್ತಿದೆ, ಕಿತ್ತಳೆ ಜಾಕೆಟ್ ತೊಟ್ಟ ಜನ ಕೂಗುತ್ತಿದ್ದಾರೆ. ಕ್ಯಾಮೆರಾ ಮೆಲ್ಲಗೆ ಕೆಳಗಿಳಿದು ಮೂತಿಯ ಗೂಡಿನೊಳಗೆ ಹೋಗುತ್ತದೆ. ಅಲ್ಲಿ ಜೋಡಣೆಯ ಮೇಲೆ ಒಂದು ಟಿಶ್ಯೂ ಪೇಪರ್ ಅಂಟಿಸಿಟ್ಟಿದ್ದಾರೆ. ಒಣಗಿದೆ. ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿ, ತಲೆ ಎಣಿಸಿ, ‘ಹದಿಮೂರು ಮಂದಿ ಅದಾರಲ್ಲೋ’ ಅಂದರು. ಮೇಸ್ತ್ರಿಗೆ ಅದನ್ನೇ ಟೈಪ್ ಮಾಡಿ ಕಳಿಸಿದೆ.

‘ಒಬ್ಬ ಡ್ರೈವರ್ ಮಾರಾಯ’ ಎಂದು ಉತ್ತರ ಬಂತು.